ಹುಟ್ಟದೇ ಇದ್ದ ನೀರಗಂಟೆಪ್ಪ

“ನೀರಗಂಟೆಪ್ಪನವರ ಮರಣ ಪ್ರಮಾಣಪತ್ರ ಎಲ್ಲಿದೆ, ಯಜಮಾನರೇ?”

ಕಿಟಕಿಯ ಆಚೆ ಕುಳಿತಿದ್ದ ಗುಮಾಸ್ತರು ನನ್ನ ಅರ್ಜಿಯ ಮೇಲೆ ಪೆನ್ನಿನ ತುದಿ ಊರಿ ಕೇಳಿದರು. ಅಪ್ಪನ ಪ್ರಮಾಣಪತ್ರ ತಂದಿದ್ದೆ. ಅಜ್ಜನದು ಎಲ್ಲಿಯೂ ಸಿಕ್ಕದೆ ಅದಕ್ಕೊಂದು ಅಫಿಡವಿಟ್ ಮಾಡಿಸಿದ್ದೆ. ಈ ನೀರಗಂಟೆಪ್ಪ ಯಾರು? “ನಮ್ಮ ಮನೆಯಲ್ಲಿ ಆ ಹೆಸರಿನವರು ಯಾರೂ ಇಲ್ಲ, ಸರ್” ಎಂದೆ. ಅವರು ಪಹಣಿಯನ್ನು ನನ್ನ ಕಡೆಗೆ ತಿರುಗಿಸಿದರು. ಖಾತೆದಾರರ ಕಾಲಮಿನಲ್ಲಿ ಎರಡು ಸಾಲುಗಳಿದ್ದವು. ಮೇಲಿನದು ‘ನೀರಗಂಟೆಪ್ಪ’. ಕೆಳಗಿನದು ‘ಹನುಮಂತಪ್ಪ ಬಿನ್ ಕೆಂಚಪ್ಪ’. ಹನುಮಂತಪ್ಪ ನನ್ನ ಅಜ್ಜ.

“ಜಂಟಿ ಖಾತೆ ಇದೆ. ಇಬ್ಬರ ವಾರಸುದಾರರೂ ಬಂದು ಒಪ್ಪಿಗೆ ಕೊಡಬೇಕು” ಎಂದು ಹೇಳಿ ಅವರು ಮುಂದಿನವರ ಕಾಗದಕ್ಕೆ ಕೈ ಚಾಚಿದರು.

ಹೀಗೆ ಶುರುವಾದ ಅಲೆದಾಟ ಮುಗಿಯಲು ಹನ್ನೊಂದು ತಿಂಗಳು ಹಿಡಿಯಿತು. ಕಚೇರಿ ಯಾವುದೆಂದು ಬರೆಯುವುದಿಲ್ಲ. ಅಲ್ಲಿರುವವರೂ ನಮ್ಮ ಸುತ್ತಲಿನವರೇ. ನಾಳೆ ಅವರ ಮಕ್ಕಳ ಲಗ್ನಪತ್ರಿಕೆಯೂ ನನ್ನ ಪ್ರೆಸ್ಸಿಗೇ ಬರುತ್ತದೆ.

ಜಮೀನು ದೊಡ್ಡದೇನಲ್ಲ. ಹರಿದ್ರಾ ಹಳ್ಳದ ದಂಡೆಯ ಒಂದು ಊರಿನಲ್ಲಿ 2 ಎಕರೆ 10 ಗುಂಟೆ. ಅಜ್ಜ ತೀರಿಕೊಂಡು ನಲವತ್ತು ವರ್ಷಗಳಾದರೂ ಖಾತೆ ಅವನ ಹೆಸರಿನಲ್ಲೇ ಉಳಿದಿತ್ತು. ನಮ್ಮ ಕಡೆ ಇದು ಹೊಸದಲ್ಲ. ಉಳುವವನು ಉಳುತ್ತಿರುತ್ತಾನೆ, ಕಂದಾಯ ಕಟ್ಟುವವನು ಕಟ್ಟುತ್ತಿರುತ್ತಾನೆ, ಪಹಣಿಯಲ್ಲಿ ಮಾತ್ರ ಸತ್ತವರು ಬದುಕಿರುತ್ತಾರೆ. ಅಪ್ಪ ಹೋದ ಮೇಲೆ ಪೌತಿ ಖಾತೆ, ಅಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ಮಾಡಿಸಲೇಬೇಕಾಯಿತು. ವಂಶವೃಕ್ಷಕ್ಕೆ ಅರ್ಜಿ ಹಾಕಿದೆ, ಅದೂ ಬಂತು. ಆ ವೃಕ್ಷದಲ್ಲಿ ನೀರಗಂಟೆಪ್ಪ ಎಂಬ ಕೊಂಬೆ ಇರಲಿಲ್ಲ, ಪಹಣಿಯಲ್ಲಿ ಇತ್ತು. ಎರಡೂ ಸರ್ಕಾರದ್ದೇ ಕಾಗದ.

ನೀರಗಂಟೆಪ್ಪ ಯಾರೆಂದು ಊಹಿಸಲು ನನಗೆ ಅಷ್ಟು ಹೊತ್ತು ಹಿಡಿಯಬಾರದಿತ್ತು. ನನ್ನ ಕಸುಬೇ ಹೆಸರುಗಳದ್ದು. ದಾವಣಗೆರೆಯ ಹಳೇಪೇಟೆಯ ಕಡೆ ಸಣ್ಣದೊಂದು ಪ್ರೆಸ್ಸು; ಲಗ್ನಪತ್ರಿಕೆ, ಗೃಹಪ್ರವೇಶ, ಶಿವಗಣಾರಾಧನೆಯ ಕಾರ್ಡುಗಳು. ಮೂವತ್ತು ವರ್ಷಗಳಲ್ಲಿ ನಾನು ಜೋಡಿಸಿದ ‘ಚಿ|| ರಾ||’, ‘ಚಿ|| ಕುಂ|| ಸೌ||’ಗಳಿಗೆ ಲೆಕ್ಕವಿಲ್ಲ. ಒಂದು ಕಾರ್ಡು ನೋಡಿದರೆ ಸಾಕು, ಬೀಗರು ಹೊಳೆಯ ಈಚೆಯವರೋ ಆಚೆಯವರೋ ಹೇಳಬಲ್ಲೆ. ಹೊಳೆ ಎಂದರೆ ತುಂಗಭದ್ರೆ. ಹರಿಹರದ ಸೇತುವೆ ದಾಟಿ ರಾಣೆಬೆನ್ನೂರಿನ ಕಡೆ ಹೋದರೆ ಹೆಸರಿನ ಹಿಂದೆ ಅಡ್ಡಹೆಸರು ಬರುತ್ತದೆ: ಅಂಗಡಿ, ಬೆಲ್ಲದ, ಬಡಿಗೇರ, ಹಡಪದ, ಪೂಜಾರ, ಮೆಣಸಿನಕಾಯಿ. ಈಚೆ ಬಂದರೆ ಅವೆಲ್ಲ ಮಾಯವಾಗಿ, ಹೆಸರಿನ ಮುಂದೆ ಒಂದೋ ಎರಡೋ ಅಕ್ಷರ ಚುಕ್ಕೆ ಇಟ್ಟುಕೊಂಡು ನಿಲ್ಲುತ್ತವೆ. ಆ ಅಕ್ಷರದಲ್ಲಿ ಊರು ಇರಬಹುದು, ಅಪ್ಪ ಇರಬಹುದು. ದುರ್ಗದವರು ಇಂದಿಗೂ ಅಭಿಮಾನದಿಂದ ನೆನೆಯುವ ಎಸ್. ನಿಜಲಿಂಗಪ್ಪನವರ ‘ಎಸ್’ ಎಂದರೆ ಸಿದ್ದವ್ವನಹಳ್ಳಿ. ಒಂದು ಊರೇ ಒಂದು ಚುಕ್ಕೆಯ ಹಿಂದೆ ಕುಳಿತಿದೆ.

ಇದಕ್ಕೆ ಕಾರಣ ಜನರಲ್ಲ, ಗಡಿ. 1956ರ ನವೆಂಬರ್ 1ರವರೆಗೆ ಹರಿಹರ ಮೈಸೂರಿನದು, ರಾಣೆಬೆನ್ನೂರು ಮುಂಬಯಿಯದು. ಪಕ್ಕದ ಹರಪನಹಳ್ಳಿ 1953ರವರೆಗೆ ಮದರಾಸಿನದು. ಅದನ್ನು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು, ಮತ್ತೆ ಬಳ್ಳಾರಿಗೆ ಒಯ್ದರು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಒಂದೇ ಮಾತು, ಒಂದೇ ಜೋಳದ ರೊಟ್ಟಿ, ಹೆಣ್ಣು ಕೊಟ್ಟು ತಂದು ಮಾಡುವ ಮನೆಗಳು. ಬರೆದುಕೊಳ್ಳುವ ಪುಸ್ತಕಗಳು ಮಾತ್ರ ಮೂರು. ಮುಂಬಯಿಯ ಶಾಲೆಯ ಮೇಷ್ಟ್ರಿಗೆ ಅಡ್ಡಹೆಸರಿಲ್ಲದೆ ಹುಡುಗನನ್ನು ದಾಖಲಿಸಿಕೊಳ್ಳಲು ಕೈ ಬರುತ್ತಿರಲಿಲ್ಲ. ಮೈಸೂರಿನ ಮೇಷ್ಟ್ರಿಗೆ ಅದು ಬೇಕಿರಲಿಲ್ಲ.

ಪ್ರೆಸ್ಸಿನಲ್ಲಿ ಕುಳಿತು ಬಹಳ ದಿನ ಯೋಚಿಸಿದ ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಯಾವುದು ಯಾರದು ಎಂಬುದು ಮೊದಲು ಬರುತ್ತದೆ: ಮನೆಯ ಬಾಗಿಲು, ಕೆರೆಯ ಏರಿ. ಹಾಗೆಯೇ ಹಡಪದ ಅಪ್ಪಣ್ಣ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕಸುಬು ಮುಂದೆ, ಮನುಷ್ಯ ಹಿಂದೆ. ಅದನ್ನು ತಿರುಗಿಸಿ ‘ಅಪ್ಪಣ್ಣ ಹಡಪದ’ ಎಂದು ಬರೆದಾಗ ಆ ‘ದ’ ಎಂಬ ವಿಭಕ್ತಿ ಹಿಡಿದುಕೊಳ್ಳಲು ಏನೂ ಇಲ್ಲದೆ ಗಾಳಿಯಲ್ಲಿ ನೇತಾಡುತ್ತದೆ. ಬೆಲ್ಲದ ಏನು? ಬಡಿಗೇರ ಯಾರು? ಮುಂದಿನ ಮಾತನ್ನು ಯಾರೋ ಕತ್ತರಿಸಿಕೊಂಡು ಹೋದಂತೆ. ಹೊಳೆಯಾಚೆಯ ಗಿರಾಕಿಗಳಿಗೆ ಇದನ್ನು ಹೇಳಿದರೆ ನಗುತ್ತಾರೆ. “ನಿಮ್ಮದು ಏನು ಮಹಾ, ಬರೀ ಎ, ಬಿ, ಸಿ” ಎನ್ನುತ್ತಾರೆ. ಅದೂ ಸರಿಯೇ.

ಇಷ್ಟೆಲ್ಲ ತಿಳಿದವನಿಗೆ ನೀರಗಂಟೆಪ್ಪ ಒಬ್ಬ ಮನುಷ್ಯನಲ್ಲ, ‘ನೀರಗಂಟಿ’ ಎಂಬ ಮಾತು ಎಂದು ಹೊಳೆಯಲಿಲ್ಲ. ಹೊಳೆಯಿಸಿದವಳು ನನ್ನ ಹೆಂಡತಿ. “ನಿಮ್ಮ ರಾಣೆಬೆನ್ನೂರಿನ ದೊಡ್ಡಪ್ಪನ ಮಕ್ಕಳು ತಮ್ಮ ಹೆಸರಿನ ಹಿಂದೆ ನೀರಗಂಟಿ ಎಂದೇ ಬರೆಯುತ್ತಾರಲ್ಲ” ಎಂದಳು. ಅಜ್ಜನ ಅಣ್ಣ ಮದುವೆಯಾಗಿ ಆಚೆ ದಂಡೆಗೆ ಮನೆ ಅಳಿಯನಾಗಿ ಹೋದವನು. ಅವನ ಮೊಮ್ಮಕ್ಕಳ ಮದುವೆಗಳಿಗೆ ಹೋಗಿದ್ದೇನೆ, ಮಂಟಪದ ಹೊರಗೆ ಥರ್ಮಾಕೋಲಿನಲ್ಲಿ ಕೊರೆದ ‘ನೀರಗಂಟಿ’ಯನ್ನು ನೋಡಿದ್ದೇನೆ. ಅದು ಅವರ ಹೆಸರು ಎಂದುಕೊಂಡಿದ್ದೆನೇ ಹೊರತು ನಮ್ಮದು ಎಂದುಕೊಂಡಿರಲಿಲ್ಲ.

ಹಾಗಾದರೆ ಪಹಣಿಯಲ್ಲಿ ಮೊದಲು ಇದ್ದದ್ದು ‘ನೀರಗಂಟಿ ಹನುಮಂತಪ್ಪ’. ಇದನ್ನು ತೋರಿಸಲು ಕೈಬರಹದ ಹಳೆಯ ಪಹಣಿ ಬೇಕು. 2002ರ ಹೊತ್ತಿಗೆ ಕೈಬರಹದ ಪಹಣಿಗಳ ಕಾಲ ಮುಗಿದು ಎಲ್ಲವೂ ಭೂಮಿ ಯೋಜನೆಯ ಕಂಪ್ಯೂಟರಿಗೆ ಬಂದಿತ್ತು. ಆ ದಿನಗಳಲ್ಲಿ ಲಕ್ಷಗಟ್ಟಲೆ ಹೆಸರುಗಳನ್ನು ಹುಡುಗರು ಹಗಲೂ ರಾತ್ರಿ ಕುಳಿತು ಟೈಪ್ ಮಾಡಿದ್ದರು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಾನೇ ಒಮ್ಮೆ ವರನ ಅಪ್ಪನ ಹೆಸರನ್ನು ವರನ ಜಾಗದಲ್ಲಿ ಅಚ್ಚು ಹಾಕಿ ಐನೂರು ಕಾರ್ಡು ಒಲೆಗೆ ಕೊಟ್ಟಿದ್ದೇನೆ.

ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಹೇಳಿದ ದಿನ ಹೋದರೆ ಸಿಬ್ಬಂದಿ ರಜೆ. ರಜೆ ಮುಗಿಸಿ ಬಂದ ದಿನ ಕರೆಂಟ್ ಇಲ್ಲ. ನಾಲ್ಕನೆಯ ಸಲಕ್ಕೆ ಒಬ್ಬ ವಯಸ್ಸಾದ ಅಟೆಂಡರ್ ಕೆಂಪು ಬಟ್ಟೆಯ ಗಂಟೊಂದನ್ನು ಹೊತ್ತು ತಂದು ಮೇಜಿನ ಮೇಲೆ ಕುಕ್ಕಿದರು. ಧೂಳು ಎದ್ದಿತು. ಅವರು ಪುಟ ತಿರುವುವ ರೀತಿಯನ್ನು ನಾನು ಮರೆಯುವುದಿಲ್ಲ. ಬೆರಳಿಗೆ ಉಗುಳು ಹಚ್ಚಿಕೊಳ್ಳದೆ, ಅಂಗೈಯನ್ನು ಪುಟದ ಕೆಳಗೆ ತೂರಿಸಿ, ಕಾವಲಿಯಿಂದ ದೋಸೆ ಎಬ್ಬಿಸುವಂತೆ ಮೆಲ್ಲಗೆ ಎತ್ತುತ್ತಿದ್ದರು. ಆದರೂ ಅಂಚು ಪುಡಿಪುಡಿಯಾಗಿ ಮೇಜಿನ ಮೇಲೆ ಬೀಳುತ್ತಿತ್ತು. ಸರ್ವೆ ನಂಬರು ಕನ್ನಡದ ಅಂಕಿಯಲ್ಲಿ. ಹೆಸರುಗಳು ನೇರಳೆ ಶಾಯಿಯಲ್ಲಿ, ಒಂದಕ್ಕೊಂದು ಕೈ ಹಿಡಿದುಕೊಂಡ ಅಕ್ಷರಗಳಲ್ಲಿ. ಶಾನುಭೋಗರ ಕೈ ಅದು. ಲೇಖನಿ ಎತ್ತದೆ ಬರೆಯುವ ಕೈ.

ಸಿಕ್ಕಿತು. ‘ನೀರಗಂಟಿ’ ಎಂದು ಬರೆದ ಮೇಲೆ ಸಾಲು ಸಾಲದೆ ‘ಹನುಮಂತಪ್ಪ ಬಿನ್ ಕೆಂಚಪ್ಪ’ ಕೆಳಗಿಳಿದಿತ್ತು. ಅಷ್ಟೇ. ಕಾಗದ ಒಂದು ಅಂಗುಲ ಅಗಲವಿದ್ದಿದ್ದರೆ ನೀರಗಂಟೆಪ್ಪ ಹುಟ್ಟುತ್ತಲೇ ಇರಲಿಲ್ಲ. ಟೈಪ್ ಮಾಡಿದ ಹುಡುಗ ಎರಡು ಸಾಲು ನೋಡಿ ಇಬ್ಬರು ಎಂದುಕೊಂಡ, ಮೊದಲನೆಯವನಿಗೆ ‘ಅಪ್ಪ’ ಇಲ್ಲದ್ದು ಕಂಡು ಪಾಪ ಎಂದು ಒಂದು ‘ಅಪ್ಪ’ವನ್ನೂ ಸೇರಿಸಿದ.

ನಾನು ಅಲ್ಲಿಗೇ ಎದ್ದು ಬರಬಹುದಿತ್ತು. ಅಟೆಂಡರ್ ಬಿಡಲಿಲ್ಲ. “ಇಂಡೆಕ್ಸ್ ಆಫ್ ಲ್ಯಾಂಡ್ಸ್ ಕೂಡ ನೋಡಿ ಹೋಗಿ ಸ್ವಾಮಿ, ಇಂಥ ಹೆಸರುಗಳ ಹಿಂದೆ ಇನಾಂ ಇರುತ್ತದೆ” ಎಂದರು. ಇನ್ನೊಂದು ಗಂಟು ಬಂತು. ನಮ್ಮ ಸರ್ವೆ ನಂಬರಿನ ಎದುರು ‘ನೀರಗಂಟಿ ಇನಾಂ’ ಎಂದಿತ್ತು, ಅದರ ಮೇಲೆ ಗೆರೆ ಎಳೆದು ಕೆಂಪು ಶಾಯಿಯಲ್ಲಿ ರೀಗ್ರಾಂಟ್, ಅಂದರೆ ಮರುಮಂಜೂರಾತಿ, ಆದೇಶದ ನಂಬರು.

ಅವರು ನಿಂತಲ್ಲೇ ನನಗೆ ಪಾಠ ಹೇಳಿದರು. ಆಮೇಲೆ ಬೇರೆಯವರನ್ನೂ ಕೇಳಿ ಖಚಿತಪಡಿಸಿಕೊಂಡೆ. ಹಿಂದೆ ಊರೊಂದಕ್ಕೆ ಹನ್ನೆರಡು ಆಯಗಾರರು: ಗೌಡ, ಶಾನುಭೋಗ, ತಳವಾರ, ತೋಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಹೀಗೆ. ಅವರಲ್ಲಿ ಕೆರೆ ಕಾಲುವೆಯ ನೀರು ಹಂಚುವವನು ನೀರಗಂಟಿ. ತಮಿಳು ನಾಡಿನಲ್ಲಿ ನೀರ್ಕಟ್ಟಿ ಎನ್ನುತ್ತಾರೆ, ತೆಲಂಗಾಣದಲ್ಲಿ ನೀರಡಿ. ಇವರಿಗೆ ಸಂಬಳವಿಲ್ಲ, ಸುಗ್ಗಿಯಲ್ಲಿ ಪ್ರತಿ ಕಣದಿಂದ ಇಷ್ಟು ಧಾನ್ಯ, ಕೆಲವರಿಗೆ ಇನಾಂ ಜಮೀನು. ಕೆಲಸ ಅಪ್ಪನಿಂದ ಮಗನಿಗೆ, ಜಮೀನೂ ಅಪ್ಪನಿಂದ ಮಗನಿಗೆ, ಹೆಸರೂ ಹಾಗೆಯೇ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ಈ ವಂಶಪಾರಂಪರ್ಯ ಹುದ್ದೆಗಳನ್ನೆಲ್ಲ ಒಂದೇ ಏಟಿಗೆ ತೆಗೆಯಿತು. ಇನಾಂ ಜಮೀನು ಸರ್ಕಾರಕ್ಕೆ ಸೇರಿ, ಹಣ ಕಟ್ಟಿಸಿಕೊಂಡು ಹಳೆಯ ಹುದ್ದೆದಾರನಿಗೇ ಮರುಮಂಜೂರಾಯಿತು. ಶಾನುಭೋಗರ ಜಾಗಕ್ಕೆ ವಿಲೇಜ್ ಅಕೌಂಟೆಂಟ್ ಬಂದರು. ಈಗ ಅವರು ಗ್ರಾಮ ಆಡಳಿತಾಧಿಕಾರಿ. ನೀರಗಂಟಿಯ ಜಾಗಕ್ಕೆ ಬಂದವನು ನಾಲೆಗಳ ಮೇಲೆ ದಿನಗೂಲಿಯ ಸೌಡಿ.

ನಕಲು ಪ್ರತಿಗಳಿಗೆ ಮೊಹರು ಹಾಕಿಸಿಕೊಂಡು ಹೊರಬಂದಾಗ ಮೂರು ಗಂಟೆ. ಊಟ ಮಾಡಿರಲಿಲ್ಲ. ನೇರ ಊರಿಗೆ ಬಸ್ ಹತ್ತಿದೆ. ಅಲ್ಲಿ ನನ್ನ ಸೋದರತ್ತೆ ಇದ್ದಾಳೆ, ಅಪ್ಪನ ಅಕ್ಕ. ವಯಸ್ಸು ಎಂಬತ್ತು ದಾಟಿದೆ. ಹಳೆಯ ಮನೆಯಲ್ಲಿ ಒಬ್ಬಳೇ.

“ಅತ್ತೆ, ನಮ್ಮ ಮನೆಗೆ ನೀರಗಂಟಿ ಎನ್ನುತ್ತಿದ್ದರಾ?”

“ಮತ್ತೇನು ಅನ್ನಬೇಕಿತ್ತು?” ಎಂದಳು. “ಊರಲ್ಲಿ ಐದು ಜನ ಹನುಮಂತಪ್ಪಂದಿರು. ಆಂಜನೇಯನ ಗುಡಿ ಇರುವ ಊರಲ್ಲಿ ಹನುಮಂತಪ್ಪನಿಗೆ ಬರವೇ? ಗೌಡರ ಹನುಮಂತಪ್ಪ, ಅಂಗಡಿ ಹನುಮಂತಪ್ಪ, ಹೊಸಮನೆ ಹನುಮಂತಪ್ಪ, ಕುಳ್ಳ ಹನುಮಂತಪ್ಪ, ನಿನ್ನ ಅಜ್ಜ.”

ನಮ್ಮ ಊರಿನ ಗದ್ದೆಗಳಿಗೆ ಆಗ ಸೂಳೆಕೆರೆಯ ಕಾಲುವೆ ನೀರು. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಹರಿದ್ರೆಯನ್ನು ತಡೆದು ಕಟ್ಟಿದ ಕೆರೆ. ಅದರ ತೂಬುಗಳಿಗೂ ಮನುಷ್ಯರಂತೆ ಹೆಸರುಗಳಿವೆ. ಒಂದು ಸಿದ್ಧನ ತೂಬು, ಒಂದು ಬಸವನ ತೂಬು. ಶಾಂತವ್ವ ಎಂಬ ರಾಜಕುಮಾರಿ ಕೆರೆ ಕಟ್ಟಿಸಲು ಸೂಳೆಯರಿಂದ ಜಾಗ ಪಡೆದಳು, ಕೆರೆಗೆ ಅವರ ಹೆಸರಿಡಬೇಕೆಂದು ಅವರು ಷರತ್ತು ಹಾಕಿದರು ಎಂಬುದು ಕಥೆ. ಈಗ ಬೋರ್ಡುಗಳಲ್ಲಿ ‘ಶಾಂತಿಸಾಗರ’. ಬಸ್ಸಿನಲ್ಲಿ ಟಿಕೆಟ್ ಕೇಳುವವರು ಮಾತ್ರ ಇನ್ನೂ ಸೂಳೆಕೆರೆ ಎಂದೇ ಕೇಳುತ್ತಾರೆ.

ಅತ್ತೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ. ಅಜ್ಜನ ಹತ್ತಿರ ಇದ್ದದ್ದು ಒಂದು ಸಲಿಕೆ, ಒಂದು ಲಾಟೀನು, ಒಂದು ಕಂಬಳಿ. ಗದ್ದೆಯಿಂದ ಗದ್ದೆಗೆ ಪಾಳಿ. ಹಗಲಿನಲ್ಲಿ ನೆರಳು ನೋಡಿ, ರಾತ್ರಿ ಚುಕ್ಕಿ ನೋಡಿ ಪಾಳಿ ಬದಲಿಸಬೇಕು. ಒಂದು ಗದ್ದೆಯ ಬಾಯಿಗೆ ಹೆಂಟೆ ಇಟ್ಟು ತುಳಿದು ಮುಚ್ಚಬೇಕು, ಮುಂದಿನದರ ಬಾಯಿ ಬಿಡಿಸಬೇಕು. ನೀರು ಸರಿಯಾಗಿ ಹೋಗುತ್ತಿದೆಯೇ ಎಂದು ಕತ್ತಲಲ್ಲಿ ಕಣ್ಣಿಗಿಂತ ಕಿವಿಗೇ ಚೆನ್ನಾಗಿ ಗೊತ್ತಾಗುತ್ತಿತ್ತಂತೆ. ಎಲ್ಲೋ ಯಾರೋ ಬದು ಒಡೆದು ಕದ್ದರೆ ಕಾಲುವೆಯ ಸದ್ದು ಬದಲಾಗುತ್ತದೆ. ಅಜ್ಜ ನಿದ್ದೆಯಲ್ಲಿದ್ದವನು ಎದ್ದು ಕುಳಿತು, “ಮೇಲೆ ಯಾರೋ ಕೈ ಹಾಕಿದರು” ಎಂದು ಸಲಿಕೆ ಹಿಡಿದು ನಡೆದುಬಿಡುತ್ತಿದ್ದ.

“ಮತ್ತೆ ಅಪ್ಪ ಯಾಕೆ ಆ ಹೆಸರು ಬರೆಯಲಿಲ್ಲ?” ಎಂದು ಕೇಳಿದೆ. ಮೈಸೂರಿನ ಮೇಷ್ಟ್ರು ಬಿಟ್ಟಿರಬೇಕು ಎಂದು ಉತ್ತರವನ್ನೂ ನಾನೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆ. ಗಡಿ, ಪುಸ್ತಕ, ಮೇಷ್ಟ್ರು; ನನ್ನ ಲೆಕ್ಕ ಸರಿಯಾಗಿತ್ತು.

ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. ಒಂದು ವರ್ಷ ಮಳೆ ಹಿಂದೆ ಬಿತ್ತು, ಕಾಲುವೆಯ ಕೊನೆಯ ಗದ್ದೆಗಳಿಗೆ ನೀರು ಮುಟ್ಟಲಿಲ್ಲ. ಅಜ್ಜನ ತಪ್ಪೋ, ಮೇಲಿನವರ ಕಳವೋ, ಕೆರೆಯಲ್ಲೇ ಇರಲಿಲ್ಲವೋ. ಸುಗ್ಗಿಯಲ್ಲಿ ಆಯ ಎತ್ತಲು ಅಜ್ಜ ಕಣಕ್ಕೆ ಹೋದ, ಚೀಲ ಹಿಡಿಯಲು ಮಗನನ್ನೂ ಕರೆದುಕೊಂಡು ಹೋದ. ಅಪ್ಪನಿಗೆ ಆಗ ಹನ್ನೆರಡು ವರ್ಷ. ಬೇರೆ ಕಣಗಳಲ್ಲಿ ಮೊರ ತುಂಬಿ ಚೀಲಕ್ಕೆ ಸುರಿದರು. ಕೊನೆಯ ಕಣದವರು ಮಾತಾಡಲಿಲ್ಲ, ಬೈಯಲಿಲ್ಲ. ಮೊರವನ್ನು ರಾಶಿಯ ಪಕ್ಕದಲ್ಲಿ ಕವುಚಿ ಇಟ್ಟು ಬೇರೆ ಕಡೆ ತಿರುಗಿ ನಿಂತರು.

“ನಿಮ್ಮಪ್ಪ ಚೀಲದ ಬಾಯಿ ಬಿಡಿಸಿ ಹಿಡಿದುಕೊಂಡೇ ನಿಂತಿದ್ದನಂತೆ ತಮ್ಮಾ. ಮುಚ್ಚಬೇಕು ಅಂತ ಅವನಿಗೆ ಗೊತ್ತಾಗಲಿಲ್ಲ.”

ಮರುದಿನ ಊರ ಶಾಲೆಯ ದಾಖಲಾತಿ ಪುಸ್ತಕ ನೋಡಿದೆ. ತಂದೆಯ ಹೆಸರಿನ ಕಡೆ ‘ನೀರಗಂಟಿ ಹನುಮಂತಪ್ಪ’ ಎಂದೇ ಇತ್ತು. ಮೈಸೂರಿನ ಮೇಷ್ಟ್ರು ಏನನ್ನೂ ಬಿಟ್ಟಿರಲಿಲ್ಲ. ದಾವಣಗೆರೆಯಲ್ಲಿ ಅಪ್ಪ ಹೈಸ್ಕೂಲಿಗೆ ಸೇರಿದ ಟಿ.ಸಿ. ಮನೆಯ ಟ್ರಂಕಿನಲ್ಲಿತ್ತು. ಅದರಲ್ಲಿ ಬರೀ ‘ಹೆಚ್.’ ಆಮೇಲೆ ಹತ್ತಿ ಗಿರಣಿಯ ಹಾಜರಿ ಚೀಟಿ, ಪಡಿತರ ಚೀಟಿ, ಆಧಾರ್, ಮರಣ ಪ್ರಮಾಣಪತ್ರ, ಎಲ್ಲದರಲ್ಲೂ ‘ಹೆಚ್.’ ಹದಿಮೂರರ ಹುಡುಗ ಒಬ್ಬನೇ ಹೆಡ್‌ಮಾಸ್ಟರರ ಮುಂದೆ ನಿಂತು ಒಂದು ಮಾತನ್ನು ಹೇಳದೆ ಬಿಟ್ಟು, ಮುಂದೆ ಅರವತ್ತು ವರ್ಷ ಆ ಬಿಟ್ಟದ್ದನ್ನು ಕಾಪಾಡಿಕೊಂಡಿದ್ದ. ನಮಗೂ ಹೇಳಲಿಲ್ಲ.

ಹೊಳೆಯ ಆಚೆ ಕಥೆಯೇ ಬೇರೆ. ರಾಣೆಬೆನ್ನೂರಿನ ಹತ್ತಿರದ ತಮ್ಮನ, ಅಂದರೆ ಆ ದೊಡ್ಡಪ್ಪನ ಮಗನ, ಮನೆಗೆ ಹೋದಾಗ ಗೇಟಿನ ಮೇಲೆ ಕಪ್ಪು ಗ್ರಾನೈಟಿನಲ್ಲಿ ಚಿನ್ನದ ಬಣ್ಣದ ‘ನೀರಗಂಟಿ’. ಅವರ ಊರಿನಲ್ಲಿ ಕೆರೆಯೇ ಇಲ್ಲ. ಮನೆ ಅಳಿಯನಾಗಿ ಹೋದ ದೊಡ್ಡಜ್ಜ ಒಂದು ದಿನವೂ ತೂಬು ಮುಟ್ಟಲಿಲ್ಲ, ಮಾವನ ಹತ್ತಿ ಹೊಲ ಉತ್ತ. ಅವನ ಮಗನನ್ನು ಶಾಲೆಗೆ ಸೇರಿಸುವಾಗ ಅಡ್ಡಹೆಸರು ಕೇಳಿದರು, ಬಾಯಿಗೆ ಬಂದದ್ದನ್ನು ಹೇಳಿದ. ಕೆಲಸ ಮಾಡಿದ ಮನೆ ಹೆಸರು ಇಳಿಸಿತು, ಮಾಡದ ಮನೆ ಗೇಟಿಗೆ ಹಾಕಿಸಿತು. ತಮ್ಮನಿಗೆ ಕಣದ ಕಥೆ ಹೇಳಲು ಬಾಯಿ ತೆರೆದವನು ಚಹಾ ಕುಡಿದು ಸುಮ್ಮನಾದೆ.

ಅವನೇ ಹೆಳವರ ಮಾತು ಎತ್ತಿದ. “ನಮ್ಮ ಮನೆತನದ ಪುಸ್ತಕ ಅವರ ಹತ್ತಿರ ಇದೆ, ಅಣ್ಣಾ. ದೀಪಾವಳಿ ಕಳೆದ ಮೇಲೆ ಬರುತ್ತಾರೆ.” ಮನೆತನಗಳ ಹುಟ್ಟು, ಬೆಡಗು, ಮೂಲ ಊರು, ಮಕ್ಕಳು ಮರಿಗಳನ್ನು ತಲೆಮಾರುಗಳಿಂದ ನೆನಪಿಟ್ಟು ಹಾಡಿ ಹೇಳುವವರು ಹೆಳವರು. ಹೆಳವ ಎಂದರೆ ಕುಂಟ. ಹಿಂದೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬೆಳಗಿನ ಜಾವ ಬರುತ್ತಿದ್ದರು. ನಮ್ಮವರು ಬಂದದ್ದು ಹೀರೋ ಹೋಂಡಾದಲ್ಲಿ. ಹೆಗಲ ಚೀಲದಿಂದ ರಟ್ಟು ಹಾಕಿದ ಉದ್ದನೆಯ ಪುಸ್ತಕ ತೆಗೆದರು. ಆದರೆ ಅದನ್ನು ಬಿಚ್ಚುವ ಮೊದಲೇ ಕಣ್ಣು ಮುಚ್ಚಿ ಶುರು ಮಾಡಿದರು. ಅಪ್ಪನ ಹೆಸರು, ಅಜ್ಜನ ಹೆಸರು, ಅವನ ಅಪ್ಪನ ಹೆಸರು, ಯಾವ ಊರಿಂದ ಹೆಣ್ಣು ತಂದರು, ಯಾರಿಗೆ ಮಕ್ಕಳಾಗಲಿಲ್ಲ, ಯಾರು ಹರಕೆ ಹೊತ್ತು ದೇವರಗುಡ್ಡದ ಮಾಲತೇಶನಿಗೆ ಏನು ಕೊಟ್ಟರು. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆಂದೇ ತಿಳಿಯುತ್ತಿರಲಿಲ್ಲ. ನನ್ನ ಹೆಸರು ಬಂದಾಗ ಮೈ ಜುಮ್ಮೆಂದಿತು. ನನ್ನನ್ನು ಅವರು ಹಿಂದೆ ಎಂದೂ ನೋಡಿರಲಿಲ್ಲ.

ನಡುವೆ ಒಂದು ಮಾತು ಬಂತು. ಧಾತು ಬರದಲ್ಲಿ ಹರಪನಹಳ್ಳಿ ಸೀಮೆಯಿಂದ ಎದ್ದು ಬಂದವರು, ಹರಿದ್ರೆಯ ದಂಡೆಯಲ್ಲಿ ನೀರಗಂಟಿಯ ಮನೆ ಹಾಳು ಬಿದ್ದಿತ್ತು, ಗೌಡರು ಕರೆದು ಸಲಿಕೆ ಕೊಟ್ಟರು.

ನಾನು ತಡೆದೆ. “ಅದಕ್ಕೂ ಮುಂಚೆ ನಾವು ಯಾರು?”

“ಕಂಬಳಿಯವರು” ಎಂದರು, ಅದೇನು ಕೇಳುವ ಮಾತೇ ಎಂಬಂತೆ. “ಕಂಬಳಿ ನೇಯುತ್ತಿದ್ದವರು. ಅದಕ್ಕೂ ಮುಂಚಿನದು ಬೇಕೇ?”

ಧಾತು ಸಂವತ್ಸರದಲ್ಲಿ ಶುರುವಾದ ಆ ಮಹಾ ಬರ 1876–78ರದು. ಹುದ್ದೆ ರದ್ದಾದದ್ದು 1963ರಲ್ಲಿ. ಅಂದರೆ ನಮ್ಮ ಮನೆ ನೀರಗಂಟಿಯಾಗಿದ್ದದ್ದು ಹೆಚ್ಚೆಂದರೆ ಎಂಬತ್ತೇಳು ವರ್ಷ. ಗ್ರಾನೈಟಿನಲ್ಲಿ ಕೊರೆಸಿದವನೂ, ಬಾಯಿ ಬಿಡದೆ ಸತ್ತವನೂ ಇಷ್ಟು ಚಿಕ್ಕದೊಂದು ಹೆಸರಿನ ಎರಡು ತುದಿ ಹಿಡಿದಿದ್ದರು. ತಮ್ಮನಿಗೆ ಇದು ಅಷ್ಟು ರುಚಿಸಲಿಲ್ಲ. “ಕಂಬಳಿಗಿಂತ ನೀರಗಂಟಿಯೇ ಚಲೋ ಇದೆ ಬಿಡು ಅಣ್ಣಾ” ಎಂದ. ದುರ್ಗದ ಪಾಳೇಗಾರರಿಗೇ ಈ ಗೊಂದಲ ತಪ್ಪಿರಲಿಲ್ಲ ಎಂದು ಅವನಿಗೆ ಸಮಾಧಾನ ಹೇಳಿದೆ. ವಂಶ ಕಾಮಗೇತಿ, ಮೊದಲ ದೊರೆಯ ಹೆಸರಿಗೆ ಅಂಟಿದ್ದು ಬಂದ ಊರು, ಮತ್ತಿ ತಿಮ್ಮಣ್ಣ ನಾಯಕ, ಆಮೇಲಿನವನಿಗೆ ಅಂಟಿದ್ದು ಕತ್ತಿ, ಬಿಚ್ಚುಗತ್ತಿ ಭರಮಣ್ಣ ನಾಯಕ. ದೊರೆಗಳಿಗೇ ಹೀಗೆ, ನಮ್ಮದೇನು.

ಹೆಳವರಿಗೆ ಒಂದು ಚೀಲ ಜೋಳ, ಒಂದು ಪಂಚೆ, ಸಾವಿರ ರೂಪಾಯಿ ಕೊಟ್ಟೆವು. ನನ್ನ ಮಗಳ ಹೆಸರನ್ನು ಅವರು ಪುಸ್ತಕದಲ್ಲಿ ಬರೆದುಕೊಂಡರು. ಹಿಂದೆ ಹೆಣ್ಣುಮಕ್ಕಳನ್ನು ಬರೆಯುತ್ತಿರಲಿಲ್ಲ, ಈಗ ಕೇಳಿದರೆ ಬರೆಯುತ್ತೇವೆ ಎಂದರು. ಆ ಹಾಡಿನ ರೆಕಾರ್ಡಿಂಗ್ ನನ್ನ ಮೊಬೈಲಿನಲ್ಲಿದೆ. ಕಚೇರಿಯಲ್ಲಿ ಅದನ್ನು ಕೇಳಿಸಲು ಹೋದಾಗ ಗುಮಾಸ್ತರು ಕೈ ಮುಗಿದು, “ಯಜಮಾನರೇ, ನನಗೆ ಕಾಗದ ಕೊಡಿ ಸಾಕು” ಎಂದರು.

ಕಾಗದ ಕೊಟ್ಟೆ. ಕೈಬರಹದ ಪಹಣಿ, ಇಂಡೆಕ್ಸ್, ರೀಗ್ರಾಂಟ್ ಆದೇಶ, ಶಾಲೆಯ ದಾಖಲೆ, ನೋಟರಿಯ ಅಫಿಡವಿಟ್. ‘ನೀರಗಂಟಿ ಹನುಮಂತಪ್ಪ ಯಾನೆ ಹನುಮಂತಪ್ಪ ಇಬ್ಬರೂ ಒಬ್ಬರೇ’ ಎಂದು ನೋಟರಿ ಬರೆದ ವಾಕ್ಯವನ್ನು ನಾನು ಅಚ್ಚಿನವನ ಚಟಕ್ಕೆ ತಿದ್ದಲು ಹೋದೆ. ಇಬ್ಬರು ಒಬ್ಬರು ಹೇಗಾಗುತ್ತಾರೆ? “ಕಾನೂನಿನಲ್ಲಿ ಆಗುತ್ತಾರೆ” ಎಂದರು. ಊರಿನಲ್ಲಿ ಮಹಜರ್ ಆಯಿತು. ಅತ್ತೆ ಹೆಬ್ಬೆಟ್ಟು ಒತ್ತಿದಳು. ಆಕ್ಷೇಪಣೆಗೆ ಕಾಲಾವಕಾಶ ಕೊಟ್ಟು ನೋಟಿಸ್ ಅಂಟಿಸಿದರು. ಅಷ್ಟು ದಿನವೂ ಎಲ್ಲಿ ನೀರಗಂಟೆಪ್ಪನೇ ಬಂದು ಆಕ್ಷೇಪಣೆ ಹಾಕುತ್ತಾನೋ ಎಂದು ನನಗೆ ಒಳಗೊಳಗೇ ದಿಗಿಲು. ಹಾಕಲಿಲ್ಲ. ತಿದ್ದುಪಡಿ ಆದೇಶ ಬಂತು, ಆಮೇಲೆ ಪೌತಿ ಖಾತೆ. ಹೊಸ ಪಹಣಿಯಲ್ಲಿ ನನ್ನ, ನನ್ನ ತಂಗಿಯ ಹೆಸರುಗಳಿವೆ. ನೀರಗಂಟೆಪ್ಪ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಎರಡು ಎಕರೆಯ ಜಂಟಿ ಒಡೆಯನಾಗಿದ್ದು, ಒಂದು ಪೈಸೆ ಕಂದಾಯ ಕಟ್ಟದೆ, ಮಕ್ಕಳಿಲ್ಲದೆ ಹೋದ.

ನಮ್ಮ ಬೀದಿಗೆ ನೀರು ಬಿಡುವ ಹುಡುಗ ಬೆಳಗಿನ ನಾಲ್ಕಕ್ಕೆ ಬಂದು ವಾಲ್ವ್ ತಿರುಗಿಸುತ್ತಾನೆ. ಬೀದಿಯ ತುದಿಯ ಮನೆಯವರು ಅವನ ಮೇಲೆ ಸಿಡುಕುವುದನ್ನು ದಿನವೂ ಕೇಳುತ್ತೇನೆ. ಮೊದಲೂ ಕೇಳುತ್ತಿದ್ದೆ.

ಕಳೆದ ತಿಂಗಳು ತಮ್ಮನ ಮಗಳ ಲಗ್ನಪತ್ರಿಕೆ ನನ್ನಲ್ಲೇ ಅಚ್ಚಿಗೆ ಬಂತು. ಕೊನೆಯಲ್ಲಿ ‘ತಮ್ಮ ಸುಖಾಗಮನವನ್ನು ಬಯಸುವ’ ಎಂಬಲ್ಲಿ ನನ್ನ ಹೆಸರನ್ನೂ ಸೇರಿಸಬೇಕೆಂದು ಹೇಳಿದ್ದ. ಅವರೆಲ್ಲರ ಹೆಸರುಗಳನ್ನು ಅವರು ಬರೆದುಕೊಟ್ಟಂತೆಯೇ ಜೋಡಿಸಿದೆ, ನೀರಗಂಟಿ ಹಿಂದೆ. ನನ್ನದು ಬಂದಾಗ ‘ಹೆಚ್.’ ಅನ್ನು ಅಳಿಸಿ, ನೀರಗಂಟಿಯನ್ನು ಮುಂದಕ್ಕೆ ತಂದೆ. ಪ್ರೂಫನ್ನು ವಾಟ್ಸಾಪಿನಲ್ಲಿ ಕಳಿಸಿ ಹತ್ತು ನಿಮಿಷವಾಗಿರಲಿಲ್ಲ, ಫೋನ್ ಬಂತು.

“ಅಣ್ಣಾ, ಎಲ್ಲ ಸರಿ ಇದೆ. ನಿನ್ನ ಹೆಸರೊಂದು ಹಿಂದು ಮುಂದಾಗಿದೆ ನೋಡು.”